ಹೊಸ ಮೆಡಿಕಲ್ ಸ್ಕೂಲಿನ ಮೊದಲ ವರ್ಷಕ್ಕೆ ಹಣ ಹೊಂದಿಸುವುದು ಹೇಗೆ?

ಅಮೆರಿಕದ ಹಳೆಯ ಮೆಡಿಕಲ್ ಸ್ಕೂಲಿಗೆ ಸೇರಿದ ವಿದ್ಯಾರ್ಥಿಗೆ ಹಣದ ವಿಷಯದಲ್ಲಿ ಅನುಮಾನ ಬಂದರೆ ಕೇಳುವುದಕ್ಕೆ ಸೀನಿಯರ್‌ಗಳಿರುತ್ತಾರೆ. ಸಾಲದ ಹಣ ಯಾವ ವಾರ ಕೈಗೆ ಬರುತ್ತದೆ, ಕಚೇರಿಯಲ್ಲಿ ಯಾರನ್ನು ಕಂಡರೆ ಕೆಲಸವಾಗುತ್ತದೆ, ಮೊದಲ ವರ್ಷದ ಸ್ಕಾಲರ್‌ಶಿಪ್ ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆಯೇ ಎಂಬುದೆಲ್ಲ ಅವರಿಗೆ ಅನುಭವದಿಂದ ಗೊತ್ತಿರುತ್ತದೆ. ಹೊಸದಾಗಿ ತೆರೆದ ಸ್ಕೂಲಿನ ಮೊದಲ ಬ್ಯಾಚಿಗೆ ಈ ಅನುಕೂಲವಿಲ್ಲ. ಕೇಳಲು ಸೀನಿಯರ್‌ಗಳೇ ಇಲ್ಲ, ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ ಕುಳಿತವರೂ ಅನೇಕ ವೇಳೆ ಆ ಕುರ್ಚಿಗೆ ಹೊಸಬರೇ. ಹೀಗಾಗಿ ಬೇರೆಡೆ ಬಾಯಿಮಾತಿನಲ್ಲಿ ಮುಗಿಯುವ ಪ್ರಶ್ನೆಗಳನ್ನು ಇಲ್ಲಿ ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ಪಡೆದು, ಅದನ್ನು ತೆಗೆದಿಡಬೇಕಾಗುತ್ತದೆ. ಮುಂದೆ ಹೇಳಿರುವ ಪ್ರತಿಯೊಂದು ಹೆಜ್ಜೆಗೂ ಈ ಮಾತು ಅನ್ವಯಿಸುತ್ತದೆ. ಮಕ್ಕಳು ಇಲ್ಲಿ ಓದುತ್ತಿರುವ ಕನ್ನಡ ಕುಟುಂಬಗಳಿಂದ ನನಗೆ ಬರುವ ಪ್ರಶ್ನೆಗಳನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಕೂಲಿನ ಮಾನ್ಯತೆ

ಕಾಲೇಜು ಮುಗಿಸಿದವರು ವೈದ್ಯರಾಗಲು ಓದುವ ಎಂ.ಡಿ. ಪದವಿ ನೀಡುವ ಸ್ಕೂಲುಗಳಿಗೆ ಎಲ್‌ಸಿಎಂಇ ಎಂಬ ಸಮಿತಿಯೂ ಡಿ.ಓ. ಪದವಿ ನೀಡುವ ಆಸ್ಟಿಯೋಪಥಿಕ್ ಸ್ಕೂಲುಗಳಿಗೆ ಕೋಕಾ ಎಂಬ ಆಯೋಗವೂ ಮಾನ್ಯತೆ ಕೊಡುತ್ತವೆ. ಎಲ್‌ಸಿಎಂಇ ಮಾನ್ಯತೆ ಒಂದೇ ಬಾರಿಗೆ ಸಿಗುವುದಿಲ್ಲ. ಮೊದಲು ಪ್ರಿಲಿಮಿನರಿ, ಮೊದಲ ಬ್ಯಾಚು ಎರಡನೆಯ ವರ್ಷಕ್ಕೆ ಬಂದಾಗ ನಡೆಯುವ ಪರಿಶೀಲನೆಯ ನಂತರ ಪ್ರಾವಿಷನಲ್, ಅದೇ ಬ್ಯಾಚು ನಾಲ್ಕನೆಯ ವರ್ಷದಲ್ಲಿರುವಾಗ ನಡೆಯುವ ಪರಿಶೀಲನೆಯ ನಂತರ ಪೂರ್ಣ ಮಾನ್ಯತೆ, ಹೀಗೆ ಮೂರು ಘಟ್ಟಗಳಲ್ಲಿ ಅದು ದೊರೆಯುತ್ತದೆ. ಪ್ರಿಲಿಮಿನರಿ ಎಂಬ ಪದ ಕೇಳಿ ಗಾಬರಿಯಾಗುವ ತಂದೆತಾಯಿಗಳನ್ನು ನಾನು ಬಹಳ ಕಂಡಿದ್ದೇನೆ. ಆ ಘಟ್ಟ ದಾಟದೆ ಯಾವ ಎಂ.ಡಿ. ಸ್ಕೂಲೂ ಅರ್ಜಿ ಕರೆಯುವಂತಿಲ್ಲವಾದ್ದರಿಂದ, ಹೊಸ ಸ್ಕೂಲಿನಲ್ಲಿ ಆ ಪದ ಕಾಣಿಸುವುದು ಸಹಜವೇ.

ಗಾಬರಿಯಾಗಬೇಕಾದ ಪ್ರಶ್ನೆ ಇನ್ನೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ವೈದ್ಯಕೀಯ ಶಿಕ್ಷಣದ ಮಾನ್ಯತೆ ಬೇರೆ, ಫೆಡರಲ್ ಸರ್ಕಾರದ ವಿದ್ಯಾರ್ಥಿ ಸಾಲಕ್ಕೆ ಬೇಕಾದ ಅರ್ಹತೆ ಬೇರೆ. ಈ ಎರಡನೆಯದನ್ನು ಟೈಟಲ್ ಫೋರ್ ಅರ್ಹತೆ ಎನ್ನುತ್ತಾರೆ. ಹಳೆಯ ವಿಶ್ವವಿದ್ಯಾಲಯವೊಂದು ತನ್ನ ಅಡಿಯಲ್ಲೇ ಮೆಡಿಕಲ್ ಸ್ಕೂಲು ತೆರೆದಿದ್ದರೆ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಸ್ವತಂತ್ರವಾಗಿ ಹುಟ್ಟಿದ ಸ್ಕೂಲಾದರೆ ಅದು ಸಂಸ್ಥೆಯಾಗಿ ಪ್ರತ್ಯೇಕ ಮಾನ್ಯತೆ ಪಡೆದು, ಶಿಕ್ಷಣ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿರಬೇಕು. ಲಾಭದ ಉದ್ದೇಶದಿಂದ ನಡೆಯುವ ಸಂಸ್ಥೆಯಾದರಂತೂ ಕನಿಷ್ಠ 2 ವರ್ಷ ಪಾಠ ನಡೆಸಿದ ಮೇಲಷ್ಟೇ ಈ ಅರ್ಹತೆ ಕೇಳಲು ಅವಕಾಶ. ಅರ್ಹತೆಯಿಲ್ಲದ ಸ್ಕೂಲಿನ ವಿದ್ಯಾರ್ಥಿಗೆ ಫೆಡರಲ್ ಸಾಲದ ಒಂದು ಡಾಲರೂ ಸಿಗುವುದಿಲ್ಲ. ಆದ್ದರಿಂದ ಸೀಟಿಗೆ ಠೇವಣಿ ಕಟ್ಟುವ ಮೊದಲೇ ಏಡ್ ಕಚೇರಿಗೆ ಹೀಗೆ ಬರೆಯಿರಿ: "ನಿಮ್ಮ ಎಂ.ಡಿ. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಈ ಆಗಸ್ಟಿನ ಟರ್ಮಿನಿಂದಲೇ ಫೆಡರಲ್ ಡೈರೆಕ್ಟ್ ಸಾಲ ಸಿಗುತ್ತದೆಯೇ? ಸಿಗುವುದಾದರೆ ಯಾವ ಸ್ಕೂಲ್ ಕೋಡ್ ಬಳಸಬೇಕು?" ಉತ್ತರ "ಅನುಮೋದನೆ ಸದ್ಯದಲ್ಲೇ ಬರಲಿದೆ" ಎಂದಿದ್ದರೆ, ಬಾರದಿದ್ದಲ್ಲಿ ಸ್ಕೂಲು ಏನು ಮಾಡುತ್ತದೆ ಎಂದು ಮರುಪ್ರಶ್ನೆ ಹಾಕಿ.

ವಿದ್ಯಾರ್ಥಿಯ ವಲಸೆ ಸ್ಥಿತಿ

ನಮ್ಮವರ ಮಟ್ಟಿಗೆ ಇದು ಬಹಳ ದೊಡ್ಡ ವಿಷಯ. ಫೆಡರಲ್ ನೆರವು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಆಶ್ರಯ ಪಡೆದವರಂಥ ಕೆಲವೇ ವರ್ಗದವರಿಗೆ ಮೀಸಲು. ತಂದೆತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ಅಥವಾ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರಿಗೆ ಅದು ಸಿಗುವುದಿಲ್ಲ; ಗ್ರೀನ್ ಕಾರ್ಡಿನ ಕೊನೆಯ ಅರ್ಜಿಯಾದ ಐ-485 ಸಲ್ಲಿಸಿ ಕಾಯುತ್ತಿರುವವರಿಗೂ ಕಾರ್ಡು ಮಂಜೂರಾಗುವವರೆಗೆ ಇಲ್ಲ. ತಂದೆತಾಯಿಗಳ ವೀಸಾ ಯಾವುದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೇ ಹುಟ್ಟಿದ ಮಗಳಿಗೆ ಪೂರ್ಣ ಅರ್ಹತೆಯಿರುತ್ತದೆ, ಎರಡು ವರ್ಷದ ಮಗುವಾಗಿ ಇಲ್ಲಿಗೆ ಬಂದ ಅವಳ ಅಣ್ಣನಿಗೆ ಏನೂ ಇರುವುದಿಲ್ಲ. ಎಚ್-4 ಸ್ಥಿತಿ 21ನೆಯ ವಯಸ್ಸಿಗೆ ಮುಗಿಯುವುದರಿಂದ, ಮೆಡಿಕಲ್ ಸ್ಕೂಲಿನ ಬಾಗಿಲಿಗೆ ಬರುವ ಹೊತ್ತಿಗೆ ಅಂಥ ಮಕ್ಕಳಲ್ಲಿ ಹೆಚ್ಚಿನವರು ಎಫ್-1ಕ್ಕೆ ಬದಲಾಗಿರುತ್ತಾರೆ.

ವೀಸಾದಲ್ಲಿರುವ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಸ್ಕೂಲುಗಳೇ ಕಡಿಮೆ. ಸೇರಿಸಿಕೊಳ್ಳುವವುಗಳಲ್ಲಿಯೂ ಕೆಲವು ಒಂದು ವರ್ಷದಿಂದ ನಾಲ್ಕು ವರ್ಷದವರೆಗಿನ ಫೀಸನ್ನು ಮುಂಗಡವಾಗಿ ಎಸ್ಕ್ರೋ ಎಂಬ ಕಾದಿರಿಸಿದ ಖಾತೆಯಲ್ಲಿ ಇಡುವಂತೆ ಕೇಳುತ್ತವೆ. ಇಂಥವರಿಗೆ ಉಳಿಯುವ ದಾರಿಗಳು ಸ್ಕೂಲಿನ ಸ್ವಂತ ಸ್ಕಾಲರ್‌ಶಿಪ್, ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲುವ ಖಾಸಗಿ ಸಾಲ, ಇಲ್ಲವೇ ಕುಟುಂಬದ ಉಳಿತಾಯ. ಗ್ರೀನ್ ಕಾರ್ಡು ವರ್ಷದ ನಡುವೆ ಕೈಗೆ ಬಂದರೆ ಆ ವಾರವೇ ಏಡ್ ಕಚೇರಿಗೆ ತಿಳಿಸಿ. ಮುಂದಿನ ವರ್ಷದವರೆಗೆ ಕಾಯುವ ಕಾರಣವಿಲ್ಲ.

ವರ್ಷದ ಒಟ್ಟು ವೆಚ್ಚವನ್ನು ಓದುವ ಬಗೆ

ಪ್ರತಿ ಸ್ಕೂಲೂ ವರ್ಷಕ್ಕೊಮ್ಮೆ ಕಾಸ್ಟ್ ಆಫ್ ಅಟೆಂಡೆನ್ಸ್ ಎಂಬ ಅಂದಾಜು ಪಟ್ಟಿಯನ್ನು ಪ್ರಕಟಿಸುತ್ತದೆ. ಸ್ಕಾಲರ್‌ಶಿಪ್, ಫೆಡರಲ್ ಸಾಲ, ಸ್ಕೂಲು ದೃಢೀಕರಿಸುವ ಖಾಸಗಿ ಸಾಲ ಎಲ್ಲವೂ ಸೇರಿ ಈ ಮೊತ್ತವನ್ನು ಮೀರುವಂತಿಲ್ಲ. ಅಂದರೆ ಇದು ಬರೀ ಮಾಹಿತಿಯ ಪಟ್ಟಿಯಾಗಿ ಉಳಿಯದೆ ನೀವು ಪಡೆಯಬಹುದಾದ ನೆರವಿಗೆ ಮೇಲ್ಮಿತಿಯೂ ಆಗುತ್ತದೆ.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಪಟ್ಟಿ ನೋಡೋಣ. ಟ್ಯೂಷನ್ ಎನ್ನುವ ಬೋಧನಾ ಶುಲ್ಕ ಮತ್ತು ಫೀಸು 58,000 ಡಾಲರ್, ಆರೋಗ್ಯ ವಿಮೆ 5,000, ಮನೆ ಬಾಡಿಗೆ ಮತ್ತು ಊಟ 22,000, ಪುಸ್ತಕ, ಓಡಾಟ ಮತ್ತಿತರ ಖರ್ಚು 6,500, ಸಾಲದ ಶುಲ್ಕ 500; ಒಟ್ಟು 92,000. ಇದರಲ್ಲಿ ಬದುಕುವ ಖರ್ಚು 28,500. ಮೊದಲ ವರ್ಷ 10 ತಿಂಗಳ ಕಾಲವಾದರೆ ತಿಂಗಳಿಗೆ 2,850 ಡಾಲರ್ ಎಂದಾಯಿತು. ಹೊಸ ಸ್ಕೂಲಿನಲ್ಲಿ ಅನುಮಾನದಿಂದ ನೋಡಬೇಕಾದ ಅಂಕಿ ಇದೇ. ಹಿಂದಿನ ವಿದ್ಯಾರ್ಥಿಗಳು ಎಷ್ಟು ಖರ್ಚು ಮಾಡಿದರು ಎಂಬ ಅನುಭವ ಆ ಸ್ಕೂಲಿಗೆ ಇಲ್ಲದಿರುವುದರಿಂದ ಅಂದಾಜು ಹುಸಿಯಾಗುವ ಸಂಭವ ಹೆಚ್ಚು. ಆ ಊರಿನ ಬಾಡಿಗೆಗಳನ್ನು ನೀವೇ ನೋಡಿ ಹೋಲಿಸಿ. ತರಬೇತಿಯ ಆಸ್ಪತ್ರೆಗಳು ಊರಿನ ಬೇರೆ ಬೇರೆ ಮೂಲೆಗಳಲ್ಲಿದ್ದು ಮೊದಲ ವರ್ಷದಿಂದಲೇ ಅಲ್ಲಿಗೆ ಹೋಗಬೇಕಾಗಿದ್ದರೆ, ಕಾರಿನ ಖರ್ಚು ಪಟ್ಟಿಯಲ್ಲಿ ಸೇರಿದೆಯೇ ಎಂದು ಕೇಳಿ.

ಲ್ಯಾಪ್‌ಟಾಪ್, ಮಗುವಿನ ಆರೈಕೆ, ಅಂಗವೈಕಲ್ಯಕ್ಕೆ ಸಂಬಂಧಿಸಿದ ಖರ್ಚು ಮೊದಲಾದವುಗಳನ್ನು ಆಧಾರ ತೋರಿಸಿ ಪಟ್ಟಿಗೆ ಸೇರಿಸಿಕೊಳ್ಳುವಂತೆ ಕೋರಬಹುದು. ಕಾರು ಕೊಳ್ಳುವ ಹಣ, ಹಳೆಯ ಕ್ರೆಡಿಟ್ ಕಾರ್ಡ್ ಬಾಕಿ, ಮನೆ ಸಾಗಿಸುವ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ. ಇವುಗಳಿಗೆ ಬೇರೆಯೇ ಹಣ ತೆಗೆದಿಟ್ಟಿರಬೇಕು.

ಫ್ಯಾಫ್ಸಾ ಅರ್ಜಿ

ಫೆಡರಲ್ ನೆರವಿನ ಅರ್ಜಿಯಾದ ಫ್ಯಾಫ್ಸಾ ಪ್ರತಿ ವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಪ್ರವೇಶದ ಪತ್ರ ಬರುವವರೆಗೆ ಕಾಯಬೇಡಿ. ಒಂದೇ ಅರ್ಜಿಯಲ್ಲಿ 20 ಸ್ಕೂಲುಗಳ ಹೆಸರು ಸೇರಿಸಬಹುದು. ಎರಡು ವರ್ಷ ಹಿಂದಿನ ತೆರಿಗೆ ವಿವರಗಳನ್ನು ಅದು ಬಳಸುತ್ತದೆ. 2026–27ರ ಅರ್ಜಿಗೆ 2024ರ ಆದಾಯ ಆಧಾರ. ಮೆಡಿಕಲ್ ವಿದ್ಯಾರ್ಥಿ ವಯಸ್ಸು ಎಷ್ಟೇ ಇರಲಿ, ತಂದೆತಾಯಿಯ ಮನೆಯಲ್ಲೇ ಇರಲಿ, ಫ್ಯಾಫ್ಸಾದ ದೃಷ್ಟಿಯಲ್ಲಿ ಸ್ವತಂತ್ರ; ತಂದೆತಾಯಿಯ ಆದಾಯ ಅಲ್ಲಿ ಬೇಕಾಗುವುದಿಲ್ಲ. "ನಮ್ಮಿಬ್ಬರ ಸಂಬಳ ಚೆನ್ನಾಗಿದೆ, ನಮಗೆ ಏನೂ ಸಿಗುವುದಿಲ್ಲ" ಎಂದು ಅರ್ಜಿಯನ್ನೇ ಹಾಕದ ಕುಟುಂಬಗಳಿವೆ. ಇದು ತಂದೆತಾಯಿಯ ಆದಾಯ ಲೆಕ್ಕಕ್ಕೆ ಬರುವ ಬಿ.ಎಸ್. ಓದಿನ ಅನುಭವವನ್ನು ಇಲ್ಲಿಗೂ ಹೊತ್ತು ತಂದದ್ದರ ಫಲ.

ಅರ್ಜಿಯಲ್ಲಿ ಎಡವುವ ಜಾಗಗಳು ಎರಡು. ನನ್ನ ತಂಗಿಯ ಮಗಳು ಎರಡರಲ್ಲೂ ಎಡವಿದಳು. ಯಾವ ವರ್ಷದ ವಿದ್ಯಾರ್ಥಿ ಎಂಬ ಪ್ರಶ್ನೆಗೆ, ಮೆಡಿಕಲ್ ಸ್ಕೂಲಿನ ಮೊದಲ ವರ್ಷವಲ್ಲವೇ ಎಂದುಕೊಂಡು, "ಮೊದಲ ವರ್ಷ" ಎಂದು ಗುರುತು ಹಾಕಿದಳು. ಫ್ಯಾಫ್ಸಾದಲ್ಲಿ ಅದರ ಅರ್ಥ ಕಾಲೇಜಿನ ಮೊದಲ ವರ್ಷ; ಎಂ.ಡಿ. ಓದುವವರು ಆರಿಸಬೇಕಾದದ್ದು ಮಾಸ್ಟರ್ಸ್, ಡಾಕ್ಟರೇಟ್ ಮೊದಲಾದ ಪದವಿಗಳ ಕೊನೆಯ ಆಯ್ಕೆಯನ್ನು. ಎರಡನೆಯ ತಪ್ಪು ಸ್ಕೂಲ್ ಕೋಡಿನದು. ಅವಳು ಸೇರಿದ ಹೊಸ ಸ್ಕೂಲಿಗೆ ಮೂಲ ವಿಶ್ವವಿದ್ಯಾಲಯದ್ದಕ್ಕಿಂತ ಬೇರೆ ಕೋಡ್ ಇತ್ತು, ಆದರೆ ವಿಶ್ವವಿದ್ಯಾಲಯದ ಹೆಸರು ಟೈಪು ಮಾಡಿದಾಗ ಮೊದಲು ಬಂದದ್ದು ಹಳೆಯ ಕ್ಯಾಂಪಸ್ಸಿನ ಕೋಡ್. ಅರ್ಜಿ ಅಲ್ಲಿ ಹೋಗಿ ಕುಳಿತುಕೊಂಡಿತು. ಮೆಡಿಕಲ್ ಸ್ಕೂಲಿನವರು "ನಿಮ್ಮ ಫ್ಯಾಫ್ಸಾ ಬಂದಿಲ್ಲ" ಎಂದರು, ಇವಳು "ಸಲ್ಲಿಸಿದ್ದೇನೆ" ಎಂದಳು, ಇಬ್ಬರೂ ನಿಜವನ್ನೇ ಹೇಳುತ್ತ ಮೂರು ವಾರ ಕಳೆಯಿತು. "ಮಾವ, ಇಷ್ಟು ಸಣ್ಣ ಡಬ್ಬಿಯಲ್ಲಿ ಆರೇ ಅಕ್ಷರ ತುಂಬಬೇಕಿತ್ತು" ಎಂದು ಆಮೇಲೆ ಅವಳೇ ನಕ್ಕಳು. ಕೋಡನ್ನು ಹುಡುಕಿ ಆರಿಸುವ ಬದಲು ಕಚೇರಿಯಿಂದ ಕೇಳಿ ಪಡೆದು ತುಂಬಿ. ಸಲ್ಲಿಸಿ ಒಂದು ವಾರವಾದ ಮೇಲೆ ತಲುಪಿದೆಯೇ ಎಂದು ಇಮೇಲಿನಲ್ಲಿ ವಿಚಾರಿಸಿ.

ಫ್ಯಾಫ್ಸಾ ಕೇಳದಿದ್ದರೂ ಸ್ಕೂಲು ತನ್ನ ಸ್ವಂತ ಹಣ ಹಂಚುವಾಗ ತಂದೆತಾಯಿಯ ಆದಾಯ, ಆಸ್ತಿ ಕೇಳಬಹುದು. ಕೆಲವು ಸ್ಕೂಲುಗಳು ಇದಕ್ಕಾಗಿ ಸಿಎಸ್ಎಸ್ ಪ್ರೊಫೈಲ್ ಎಂಬ ಬೇರೆ ಅರ್ಜಿಯನ್ನು ಬಳಸುತ್ತವೆ. ವಿವರ ಕೊಡಲು ಮನಸ್ಸಿಲ್ಲದಿದ್ದರೆ ಒತ್ತಾಯವೇನಿಲ್ಲ, ಆದರೆ ಕೊಡದಿದ್ದರೆ ಅಗತ್ಯ ನೋಡಿ ಹಂಚುವ ಸ್ಕಾಲರ್‌ಶಿಪ್ಪಿನ ಬಾಗಿಲು ಮುಚ್ಚಿದಂತೆಯೇ.

ತೀರಿಸಬೇಕಿಲ್ಲದ ಹಣ

ಹೊಸ ಸ್ಕೂಲುಗಳ ಬಳಿ ಹಳೆಯ ವಿದ್ಯಾರ್ಥಿಗಳು ಕೊಟ್ಟು ಬೆಳೆಸಿದ ದತ್ತಿನಿಧಿ ಇರುವುದಿಲ್ಲ. ಫೆಡರಲ್ ಆರೋಗ್ಯ ಇಲಾಖೆಯ ಎಚ್‌ಆರ್‌ಎಸ್‌ಎ ಸಂಸ್ಥೆಯು ಸ್ಕೂಲುಗಳ ಮೂಲಕ ನಡೆಸುವ, ಶೇ. 5 ಬಡ್ಡಿಯ ಪ್ರೈಮರಿ ಕೇರ್ ಸಾಲದಂಥ ನಿಧಿಗಳೂ ಹಳೆಯ ಸ್ಕೂಲುಗಳಲ್ಲೇ ಸುತ್ತುತ್ತಿರುತ್ತವೆ. ಇದು ಕೊರತೆ. ಇದನ್ನು ತುಂಬಿಕೊಡುವಂತೆ, ಸ್ಥಾಪಕ ದಾನಿಗಳ ಹಣದಿಂದ ಮೊದಲ ಬ್ಯಾಚುಗಳಿಗೆ ದೊಡ್ಡ ರಿಯಾಯಿತಿ ಕೊಡುವ ಪದ್ಧತಿ ಬೆಳೆದಿದೆ. 2009ರಲ್ಲಿ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾದ ಮೆಡಿಕಲ್ ಕಾಲೇಜು ತನ್ನ ಮೊದಲ ಬ್ಯಾಚಿಗೆ ಪೂರ್ಣ ಸ್ಕಾಲರ್‌ಶಿಪ್ ಕೊಟ್ಟಿತು. 2020ರಲ್ಲಿ ಪಸಡೀನಾದಲ್ಲಿ ಆರಂಭವಾದ ಕೈಸರ್ ಪರ್ಮನೆಂಟೆಯ ಸ್ಕೂಲು ಮೊದಲ 5 ಬ್ಯಾಚುಗಳಿಗೆ ಟ್ಯೂಷನ್ ಮನ್ನಾ ಮಾಡಿತು. 2025ರಲ್ಲಿ ಅರ್ಕನ್ಸಾದ ಬೆಂಟನ್‌ವಿಲ್‌ನಲ್ಲಿ ತೆರೆದ ಆಲಿಸ್ ಎಲ್. ವಾಲ್ಟನ್ ಸ್ಕೂಲು ಕೂಡ ಮೊದಲ 5 ಬ್ಯಾಚುಗಳಿಗೆ ಟ್ಯೂಷನ್ ಇಲ್ಲವೆಂದು ಘೋಷಿಸಿದೆ.

ಇಂಥ ಘೋಷಣೆಯನ್ನು ಓದುವಾಗ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮನ್ನಾ ಆಗುವುದು ಟ್ಯೂಷನ್ ಮಾತ್ರವೇ, ಬದುಕುವ ಖರ್ಚೂ ಸೇರಿದೆಯೇ ಎಂಬುದು ಮೊದಲನೆಯದು. ಮೇಲಿನ ಲೆಕ್ಕದಲ್ಲಿ ಟ್ಯೂಷನ್ ಮತ್ತು ಫೀಸು ಪೂರ್ತಿ ಬಿಟ್ಟರೂ 34,000 ಡಾಲರ್ ಉಳಿಯುತ್ತದೆ. ನಾಲ್ಕೂ ವರ್ಷಕ್ಕೆ ಖಾತ್ರಿಯೇ, ವರ್ಷ ವರ್ಷ ನವೀಕರಣವೇ ಎಂಬುದು ಎರಡನೆಯದು. ಮೂರನೆಯದನ್ನು ಕೇಳಲು ಸಂಕೋಚವೆನಿಸುತ್ತದೆ, ಆದರೂ ಕೇಳಲೇಬೇಕು: ಒಂದು ವರ್ಷ ಮತ್ತೆ ಓದಬೇಕಾಗಿ ಬಂದರೆ, ಅನಾರೋಗ್ಯದಿಂದ ರಜೆ ಹಾಕಿ ನಂತರದ ಬ್ಯಾಚಿನ ಜೊತೆ ಸೇರಬೇಕಾಗಿ ಬಂದರೆ, ಆ ಹೆಚ್ಚುವರಿ ವರ್ಷದ ಟ್ಯೂಷನ್ ಯಾರು ಕೊಡುತ್ತಾರೆ? ಇದಕ್ಕೆ ಬರಹದಲ್ಲಿ ಉತ್ತರ ಇರಲಿ. ತೆರಿಗೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟ್ಯೂಷನ್, ಕಡ್ಡಾಯ ಫೀಸು ಮತ್ತು ಕೋರ್ಸಿಗೆ ಬೇಕಾದ ಪುಸ್ತಕಗಳಿಗೆ ಹೋಗುವ ಸ್ಕಾಲರ್‌ಶಿಪ್ಪಿಗೆ ಆದಾಯ ತೆರಿಗೆಯಿಲ್ಲ, ಬಾಡಿಗೆ ಮತ್ತು ಊಟಕ್ಕೆ ಹೋಗುವ ಭಾಗಕ್ಕೆ ಇದೆ.

ಮುಂದೆ ಸೇವೆ ಸಲ್ಲಿಸಬೇಕೆಂಬ ಷರತ್ತಿನ ಮೇಲೆ ನೆರವು ಕೊಡುವ ಎರಡು ದೊಡ್ಡ ಯೋಜನೆಗಳಿವೆ. ಸೇನೆ, ನೌಕಾಪಡೆ, ವಾಯುಪಡೆಗಳು ನಡೆಸುವ ಎಚ್‌ಪಿಎಸ್‌ಪಿ ಒಂದು. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಇನ್ನೊಂದು. ಎರಡೂ ಟ್ಯೂಷನ್, ಫೀಸು ಭರಿಸಿ ತಿಂಗಳ ಭತ್ಯೆ ಕೊಡುತ್ತವೆ. ಎರಡಕ್ಕೂ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ಎರಡನೆಯದರಲ್ಲಿ ಫ್ಯಾಮಿಲಿ ಮೆಡಿಸಿನ್, ಮಕ್ಕಳ ವೈದ್ಯಕೀಯ, ಮನೋವೈದ್ಯಕೀಯದಂಥ ಗೊತ್ತುಪಡಿಸಿದ ವಿಭಾಗಗಳಲ್ಲೇ ತರಬೇತಿ ಪಡೆದು, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಕನಿಷ್ಠ 2 ವರ್ಷ ಕೆಲಸ ಮಾಡಬೇಕು. ಮಾತು ಮುರಿದರೆ ಪಡೆದದ್ದರ ಮೂರು ಪಟ್ಟು ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಹೃದ್ರೋಗತಜ್ಞನಾಗುವ ಆಸೆ ಒಳಗೇ ಇಟ್ಟುಕೊಂಡಿರುವ 22ರ ಹುಡುಗನಿಗೆ ಇದನ್ನು ನಾನು ಸಲಹೆ ಮಾಡಲಾರೆ. ಆ ವಿಭಾಗಗಳ ಮೇಲೆ ನಿಜವಾದ ಒಲವಿರುವವರಿಗೆ ಇದಕ್ಕಿಂತ ಒಳ್ಳೆಯ ನೆರವು ಕಡಿಮೆ.

ಫೆಡರಲ್ ಸಾಲ: 2026ರ ಜುಲೈ ನಂತರದ ನಿಯಮ

ಇಲ್ಲಿ ಹಳೆಯ ಸಲಹೆಗಳು ಕೆಲಸಕ್ಕೆ ಬರುವುದಿಲ್ಲ. ಈ ಹಿಂದೆ ಮೆಡಿಕಲ್ ವಿದ್ಯಾರ್ಥಿಗಳು ಓದುವಾಗಲೂ ಬಡ್ಡಿ ಬೀಳುವ ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಸಾಲ ಪಡೆದು, ಕಡಿಮೆ ಬಿದ್ದದ್ದನ್ನು ಪೂರ್ತಿಯಾಗಿ ಗ್ರ್ಯಾಡ್ ಪ್ಲಸ್ ಎಂಬ ಇನ್ನೊಂದು ಫೆಡರಲ್ ಸಾಲದಿಂದ ತುಂಬಿಸಿಕೊಳ್ಳುತ್ತಿದ್ದರು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯು 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ ಗ್ರ್ಯಾಡ್ ಪ್ಲಸ್ ಅನ್ನು ನಿಲ್ಲಿಸಿದೆ. ಅದರ ಬದಲು ಎಂ.ಡಿ., ಡಿ.ಓ. ಮುಂತಾದ ವೃತ್ತಿಪದವಿಗಳಿಗೆ ಅನ್‌ಸಬ್ಸಿಡೈಸ್ಡ್ ಸಾಲದ ಮಿತಿಯನ್ನು ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಎಂದು ಗೊತ್ತುಪಡಿಸಿದೆ. ಕಾಲೇಜಿನ ಸಾಲವೂ ಸೇರಿ ವಿದ್ಯಾರ್ಥಿಯ ಜೀವಮಾನದ ಮಿತಿ 2,57,500 ಡಾಲರ್.

ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ಸ್ವಲ್ಪ ಯೋಚಿಸಿ. ನಾಲ್ಕು ವರ್ಷ 50,000ದಂತೆ ಪಡೆದರೆ ಒಟ್ಟು ಮಿತಿ ಸರಿಯಾಗಿ ಮುಗಿದಿರುತ್ತದೆ. ಐದನೆಯ ವರ್ಷವೊಂದು ಬಂದರೆ ಅದಕ್ಕೆ ಫೆಡರಲ್ ಸಾಲವಿಲ್ಲ. ಮೆಡಿಕಲ್ ಸ್ಕೂಲಿಗೆ ಸೇರುವ ಮೊದಲು ಅಂಕ ಸುಧಾರಿಸಿಕೊಳ್ಳಲೆಂದು ಒಂದು ವರ್ಷದ ಮಾಸ್ಟರ್ಸ್ ಮಾಡಿ ಅದಕ್ಕೆ ಫೆಡರಲ್ ಸಾಲ ಪಡೆದವರ ಲೆಕ್ಕದಲ್ಲಿ ಆ ಮೊತ್ತವೂ ಈ 2,00,000ದಿಂದ ಕಳೆದುಹೋಗುತ್ತದೆ. ಆದ್ದರಿಂದ ಮೊದಲ ವರ್ಷ ಮನೆಯ ಹಣ ಸ್ವಲ್ಪ ಇದ್ದರೆ, ಸಾಲ ಸಿಗುತ್ತದೆಂಬ ಒಂದೇ ಕಾರಣಕ್ಕೆ 50,000 ಪೂರ್ತಿ ಎತ್ತಬೇಡಿ.

ಈ ಸಾಲಕ್ಕೆ ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಓಡುತ್ತದೆ. ದರವನ್ನು ಪ್ರತಿ ವರ್ಷ ಮೇ ತಿಂಗಳಿನಲ್ಲಿ ನಿಗದಿ ಮಾಡುತ್ತಾರೆ. ಆ ವರ್ಷ ಪಡೆದ ಸಾಲಕ್ಕೆ ಅದೇ ದರ ಕೊನೆಯವರೆಗೂ ಸ್ಥಿರ. 2025–26ರಲ್ಲಿ ಅದು ಶೇ. 7.94 ಇತ್ತು. ಆ ದರದಲ್ಲಿ 50,000 ಡಾಲರಿಗೆ ದಿನಕ್ಕೆ ಸುಮಾರು 10.88 ಡಾಲರ್ ಬಡ್ಡಿ. ಆಗಸ್ಟಿನಲ್ಲಿ ಅರ್ಧ, ಜನವರಿಯಲ್ಲಿ ಅರ್ಧ ಎಂದು ಹಣ ಬಂದರೆ ಮುಂದಿನ ಆಗಸ್ಟಿನ ಹೊತ್ತಿಗೆ ಸುಮಾರು 3,100 ಡಾಲರ್ ಬಡ್ಡಿ ಕೂಡಿರುತ್ತದೆ. ಇದಲ್ಲದೆ ಆರಂಭದಲ್ಲೇ ಶುಲ್ಕ ಹಿಡಿದುಕೊಳ್ಳುತ್ತಾರೆ. 2020ರ ಅಕ್ಟೋಬರಿನಿಂದ ಅದು ಶೇ. 1.057 ಇದೆ. ಹೀಗೆ 50,000ಕ್ಕೆ ಸಹಿ ಹಾಕಿದವರ ಖಾತೆಗೆ ಸೇರುವುದು 49,471.50.

ತೀರಿಸುವ ವಿಷಯದಲ್ಲಿ ಈಗ ತಿಳಿದಿರಬೇಕಾದದ್ದು ಇಷ್ಟೇ: ಹೊಸ ಸಾಲಗಳಿಗೆ ಸಾಮಾನ್ಯ ಕಂತಿನ ಯೋಜನೆ ಅಥವಾ ಆದಾಯಕ್ಕೆ ತಕ್ಕಂತೆ ಕಟ್ಟುವ ಆರ್‌ಎಪಿ ಎಂಬ ಯೋಜನೆ, ಇವೆರಡೇ ಆಯ್ಕೆ. ಲಾಭರಹಿತ ಆಸ್ಪತ್ರೆಯಲ್ಲಿ ಪದವಿಯ ನಂತರದ ತರಬೇತಿಯಾದ ರೆಸಿಡೆನ್ಸಿ ಮಾಡುವಾಗ ಆರ್‌ಎಪಿ ಅಡಿ ಕಟ್ಟಿದ ಕಂತುಗಳು ಪಿಎಸ್ಎಲ್ಎಫ್ ಎಂಬ ಸಾಲಮನ್ನಾ ಯೋಜನೆಯ 120 ಕಂತುಗಳ ಲೆಕ್ಕಕ್ಕೆ ಸೇರಬಹುದು. ಖಾಸಗಿ ಸಾಲಕ್ಕೆ ಈ ಸೌಲಭ್ಯವಿಲ್ಲ. ಫೆಡರಲ್ ಸಾಲವನ್ನು ಮೊದಲು ಬಳಸಿ ಖಾಸಗಿಯನ್ನು ಕೊನೆಗೆ ಇಡಬೇಕೆನ್ನುವುದಕ್ಕೆ ಇದು ಮುಖ್ಯ ಕಾರಣ.

ಉಳಿದ ಕಂದಕ

ನಮ್ಮ 92,000ದ ಲೆಕ್ಕದಲ್ಲಿ ಸ್ಕೂಲು 15,000 ಸ್ಕಾಲರ್‌ಶಿಪ್ ಕೊಟ್ಟಿತೆಂದು ಇಟ್ಟುಕೊಳ್ಳಿ. ಉಳಿದದ್ದು 77,000, ಫೆಡರಲ್ ಸಾಲದಿಂದ ಕೈಗೆ ಬರುವುದು 49,471, ಇನ್ನೂ ಬೇಕಾದದ್ದು ಸುಮಾರು 27,500 ಡಾಲರ್. ಇದನ್ನು ಎಲ್ಲಿಂದ ತರುವುದು ಎಂಬುದು ಈಗ ಬಹುಪಾಲು ಮನೆಗಳ ಪ್ರಶ್ನೆ.

ಕಾಲೇಜಿಗೆಂದು ಕೂಡಿಟ್ಟ 529 ಎಂಬ ಉಳಿತಾಯ ಖಾತೆಯಲ್ಲಿ ಹಣ ಉಳಿದಿದ್ದರೆ ಅದನ್ನು ಮೆಡಿಕಲ್ ಸ್ಕೂಲಿಗೂ ಬಳಸಬಹುದು. ತಮ್ಮನ ಅಥವಾ ತಂಗಿಯ ಹೆಸರಿನ ಖಾತೆಯ ಫಲಾನುಭವಿಯನ್ನು ಬದಲಾಯಿಸಿಯೂ ಬಳಸಬಹುದು. ಬಾಡಿಗೆ ಮತ್ತು ಊಟಕ್ಕೆ ತೆಗೆಯುವುದಾದರೆ ಸ್ಕೂಲಿನ ಪಟ್ಟಿಯಲ್ಲಿ ಆ ಬಾಬ್ತಿಗೆ ತೋರಿಸಿರುವ ಮೊತ್ತದೊಳಗೆ ಇರಬೇಕು. ಟ್ಯೂಷನ್ ಕಟ್ಟಿದವರು ತೆರಿಗೆಯಲ್ಲಿ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಕೇಳಬಹುದು. ಅದು ಗರಿಷ್ಠ 2,000 ಡಾಲರ್. ದಂಪತಿಗಳ ಜಂಟಿ ಆದಾಯ 1,80,000 ಡಾಲರ್ ತಲುಪಿದರೆ ಅದು ಸಿಗುವುದಿಲ್ಲವಾದ್ದರಿಂದ ನಮ್ಮ ಕುಟುಂಬಗಳಲ್ಲಿ ಅನೇಕರಿಗೆ ಉಪಯೋಗವಿಲ್ಲ.

ಖಾಸಗಿ ಸಾಲಕ್ಕೆ ಹೋಗುವುದಾದರೆ ಮೇ ಅಥವಾ ಜೂನ್ ತಿಂಗಳಿನಲ್ಲೇ ಹೋಗಿ. ಸಾಲ ಕೊಡುವ ಸಂಸ್ಥೆಗಳು ಎಲ್ಲ ಸ್ಕೂಲುಗಳಿಗೂ ಕೊಡುವುದಿಲ್ಲ. ತಮ್ಮ ಪಟ್ಟಿಯಲ್ಲಿರುವ ಸ್ಕೂಲುಗಳಿಗೆ ಮಾತ್ರ ಕೊಡುತ್ತವೆ. ಹೊಸ ಸ್ಕೂಲಿನ ಹೆಸರು ಆ ಪಟ್ಟಿಗೆ ಇನ್ನೂ ಸೇರಿರದಿದ್ದರೆ ಅರ್ಜಿ ಮುಂದೆ ಸಾಗುವುದಿಲ್ಲ. ಯಾವ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತಿವೆ ಎಂದು ಏಡ್ ಕಚೇರಿಯನ್ನೇ ಕೇಳಿ. ಬಡ್ಡಿ ದರದ ಜೊತೆಗೆ ನಾಲ್ಕು ವಿಷಯ ನೋಡಬೇಕು: ದರ ಸ್ಥಿರವೋ ಏರಿಳಿಯುವುದೋ, ರೆಸಿಡೆನ್ಸಿಯ ವರ್ಷಗಳಲ್ಲಿ ಕಂತು ಮುಂದೂಡಬಹುದೋ, ಜಾಮೀನುದಾರನನ್ನು ಎಷ್ಟು ಕಂತುಗಳ ನಂತರ ಬಿಡುಗಡೆ ಮಾಡುತ್ತಾರೆ, ವಿದ್ಯಾರ್ಥಿ ಶಾಶ್ವತವಾಗಿ ಅಂಗವಿಕಲನಾದರೆ ಸಾಲ ಏನಾಗುತ್ತದೆ. 2018ರ ನವೆಂಬರ್ ನಂತರದ ಖಾಸಗಿ ವಿದ್ಯಾರ್ಥಿ ಸಾಲಗಳಲ್ಲಿ ವಿದ್ಯಾರ್ಥಿ ತೀರಿಕೊಂಡರೆ ಜಾಮೀನುದಾರನನ್ನು ಬಿಡುಗಡೆ ಮಾಡಬೇಕೆಂಬ ಕಾನೂನಿದೆ; ಅಂಗವೈಕಲ್ಯದ ವಿಷಯ ಆಯಾ ಒಪ್ಪಂದಕ್ಕೆ ಬಿಟ್ಟದ್ದು. ಜಾಮೀನು ಹಾಕುವ ತಂದೆಗೆ 58 ವರ್ಷವಾಗಿದ್ದರೆ, ಮಗ ರೆಸಿಡೆನ್ಸಿ ಮುಗಿಸುವಾಗ ತಾನು ನಿವೃತ್ತನಾಗಿರುತ್ತೇನೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಏಪ್ರಿಲ್: ಪತ್ರ ಹೋಲಿಸುವ, ಮತ್ತೆ ಕೇಳುವ ತಿಂಗಳು

ಎಂ.ಡಿ. ಪ್ರವೇಶದ ರೂಢಿಯಂತೆ ಏಪ್ರಿಲ್ 15ರ ಹೊತ್ತಿಗೆ ಕೈಯಲ್ಲಿರುವ ಸೀಟುಗಳನ್ನು ಮೂರಕ್ಕೆ ಇಳಿಸಿ, ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಆರಿಸಬೇಕು. ನೆರವಿನ ಪತ್ರಗಳು ಅಷ್ಟರಲ್ಲಿ ಬಂದಿರಬೇಕು. ಬಂದಿರದಿದ್ದರೆ ಏಪ್ರಿಲ್ ಮೊದಲ ವಾರವೇ ನೆನಪಿಸಿ. ಪತ್ರದಲ್ಲಿ ಸ್ಕಾಲರ್‌ಶಿಪ್ ಮತ್ತು ಸಾಲ ಒಂದರ ಕೆಳಗೊಂದು ಕುಳಿತು "ಒಟ್ಟು ನೆರವು 65,000" ಎಂದು ಕಾಣಿಸಬಹುದು. ಅದರಲ್ಲಿ ಸಾಲವನ್ನು ಹೊಡೆದುಹಾಕಿ ಉಳಿದದ್ದನ್ನು ಮಾತ್ರ ಹೋಲಿಸಿ.

ವಿದ್ಯಾರ್ಥಿ ಕಾಲೇಜು ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದರೆ ಫ್ಯಾಫ್ಸಾದಲ್ಲಿ ಆ ಸಂಬಳ ಕಾಣಿಸುತ್ತದೆ, ಆದರೆ ಆಗಸ್ಟಿನಿಂದ ಆ ಸಂಬಳ ಇರುವುದಿಲ್ಲ. ಇಂಥ ಬದಲಾವಣೆಯನ್ನು ಗಮನಿಸಿ ಲೆಕ್ಕವನ್ನು ತಿದ್ದುವ ಅಧಿಕಾರವನ್ನು ಕಾನೂನು ಏಡ್ ಅಧಿಕಾರಿಗೆ ಕೊಟ್ಟಿದೆ. ಕೆಲಸ ಬಿಟ್ಟ ಪತ್ರ, ಕೊನೆಯ ಸಂಬಳದ ಚೀಟಿ ಲಗತ್ತಿಸಿ ಒಂದು ಪುಟದ ಮನವಿ ಬರೆಯಿರಿ. ತಂದೆಯ ಕೆಲಸ ಹೋಗಿದ್ದರೆ, ಅಥವಾ ಇನ್ನೊಂದು ಸ್ಕೂಲು ಹೆಚ್ಚು ಸ್ಕಾಲರ್‌ಶಿಪ್ ಕೊಟ್ಟಿದ್ದರೆ, ಸ್ಕೂಲಿನ ಸ್ವಂತ ಹಣಕ್ಕಾಗಿ ಅದನ್ನೂ ವಿನಯದಿಂದ ತಿಳಿಸಬಹುದು. ನಮ್ಮವರಿಗೆ ಕೊಟ್ಟದ್ದರ ಮೇಲೆ ಮತ್ತೆ ಕೇಳಲು ನಾಚಿಕೆ. ಮೊದಲ ಬ್ಯಾಚನ್ನು ಒಳ್ಳೆಯ ವಿದ್ಯಾರ್ಥಿಗಳಿಂದ ತುಂಬಬೇಕಾದ ಒತ್ತಡ ಹೊಸ ಸ್ಕೂಲಿಗೆ ಇರುವುದರಿಂದ, ಇಲ್ಲಿ ಕೇಳುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಬೇಸಿಗೆಯಿಂದ ಮೊದಲ ಹಣದವರೆಗೆ

ಸೀಟು ಒಪ್ಪಿಕೊಂಡ ಮೇಲೆ ಸಾಲದ ಮೊತ್ತವನ್ನು ಒಪ್ಪಿ ಅಥವಾ ಇಳಿಸಿ, ಸಾಲದ ಷರತ್ತುಗಳನ್ನು ವಿವರಿಸುವ ಎಂಟ್ರೆನ್ಸ್ ಕೌನ್ಸೆಲಿಂಗ್ ಮುಗಿಸಿ, ಮಾಸ್ಟರ್ ಪ್ರಾಮಿಸರಿ ನೋಟ್ ಎಂಬ ಸಾಲಪತ್ರಕ್ಕೆ ಸಹಿ ಹಾಕಬೇಕು. ಮೂರೂ ಆನ್‌ಲೈನಿನಲ್ಲೇ ಆಗುವ ಕೆಲಸ, ಜೂನ್‌ನಲ್ಲಿ ಮುಗಿಸಿಬಿಡಿ.

ಹಣ ಮಾತ್ರ ಬೇಗ ಬರುವುದಿಲ್ಲ. ಫೆಡರಲ್ ಸಾಲವನ್ನು ಟರ್ಮು ಆರಂಭವಾಗುವುದಕ್ಕೆ 10 ದಿನಕ್ಕಿಂತ ಮೊದಲು ಬಿಡುಗಡೆ ಮಾಡುವಂತಿಲ್ಲ. ಬಂದ ಹಣ ಮೊದಲು ಸ್ಕೂಲಿನ ಖಾತೆಗೆ ಹೋಗಿ ಟ್ಯೂಷನ್ ತೀರಿ, ಹೆಚ್ಚಾದದ್ದನ್ನು 14 ದಿನಗಳೊಳಗೆ ವಿದ್ಯಾರ್ಥಿಗೆ ಕೊಡಬೇಕೆಂಬುದು ನಿಯಮ. ಮನೆಯ ಮಾಲೀಕ ಮಾತ್ರ ಮೊದಲ ತಿಂಗಳ ಬಾಡಿಗೆ, ಮುಂಗಡ ಎರಡನ್ನೂ ಜುಲೈನಲ್ಲೇ ಕೇಳುತ್ತಾನೆ. ಆದ್ದರಿಂದ ಬಾಡಿಗೆ, ಮುಂಗಡ, ಮನೆ ಸಾಗಿಸುವ ಖರ್ಚು, ಆರು ವಾರದ ಊಟ, ಇಷ್ಟಕ್ಕೆ ಸಾಲದ ಹೊರತಾದ ಹಣ ವಿದ್ಯಾರ್ಥಿಯ ಖಾತೆಯಲ್ಲಿ ಜುಲೈ 1ಕ್ಕೇ ಇರಬೇಕು. ಮೊದಲ ಬಾರಿಗೆ ನೂರಾರು ಕಡತ ನಡೆಸುವ ಹೊಸ ಕಚೇರಿಯಲ್ಲಿ ತಡವಾಗುವ ಸಂಭವ ಇರುವುದರಿಂದ ಆರು ವಾರ ಎಂದು ಹೇಳಿದ್ದೇನೆ. ಮರುಪಾವತಿ ನೇರವಾಗಿ ಬ್ಯಾಂಕಿಗೆ ಬರುವಂತೆ ಖಾತೆ ಸಂಖ್ಯೆಯನ್ನು ಸ್ಕೂಲಿನ ಪೋರ್ಟಲಿನಲ್ಲಿ ಮೊದಲೇ ತುಂಬಿಡಿ; ಇಲ್ಲದಿದ್ದರೆ ಚೆಕ್ಕು ತಂದೆತಾಯಿಯ ವಿಳಾಸಕ್ಕೆ ಅಂಚೆಯಲ್ಲಿ ಹೋಗಿ ಕುಳಿತಿರುತ್ತದೆ.

ಬಂದ ಹಣ ಅಗತ್ಯಕ್ಕಿಂತ ಹೆಚ್ಚೆನಿಸಿದರೆ, ಬಿಡುಗಡೆಯಾದ 120 ದಿನಗಳೊಳಗೆ ಹಿಂದಿರುಗಿಸಿ. ಆ ಭಾಗದ ಬಡ್ಡಿಯೂ ಶುಲ್ಕವೂ ರದ್ದಾಗುತ್ತವೆ. ಆಗಸ್ಟಿನ ಮೊದಲ ವಾರ ಬಂದ ಹಣಕ್ಕೆ ಈ ಅವಧಿ ಡಿಸೆಂಬರಿನ ಮೊದಲ ವಾರ ಮುಗಿಯುತ್ತದೆ. ಇದರ ನಡುವೆಯೇ, ಅಕ್ಟೋಬರ್ 1ರ ಸುಮಾರಿಗೆ, ಎರಡನೆಯ ವರ್ಷದ ಫ್ಯಾಫ್ಸಾ ತೆರೆದಿರುತ್ತದೆ. ಅನಾಟಮಿಯ ಪರೀಕ್ಷೆಗಳ ಗಲಾಟೆಯಲ್ಲಿ ಅದು ಮರೆಯುವುದು ಸುಲಭ. ಆ ಭಾನುವಾರ ಮನೆಯಿಂದ ಫೋನು ಮಾಡುವವರು ಊಟವಾಯಿತೇ ಎಂದು ಕೇಳಿದ ಮೇಲೆ ಫ್ಯಾಫ್ಸಾ ಆಯಿತೇ ಎಂದೂ ಕೇಳಬಹುದು.